ಹೆಸರಿಲ್ಲದ ಹಾಡಿಗೆ ಮೊದಲ ಅಕ್ಷರವೇ ವಿಳಾಸ

ನಮ್ಮ ಹಾಡುಗಳಿಗೆ ಹೆಸರಿಲ್ಲ. ಮೊಯಿಲಾಂಜಿ ಪಾಟ್, ಉಂಜಲ್ ಪಾಟ್, ಕೋಲ್ಕಲಿ ಪಾಟ್ ಎನ್ನುತ್ತೇವೆ ನಿಜ. ಆದರೆ ಅವು ಒಂದೊಂದು ಹಾಡಿನ ಹೆಸರಲ್ಲ, ಹಾಡಿನ ಬಗೆ. ಮದರಂಗಿ ಹಚ್ಚುವ ರಾತ್ರಿ ಹೆಂಗಸರ ನಡುವೆ ಒಬ್ಬರು "ಆ ಹಾಡು ಹೇಳು" ಎನ್ನುತ್ತಾರೆ. "ಯಾವುದು?" ಎಂದು ಕೇಳಿದರೆ ಮೊದಲ ಎರಡು ಪದ ಗುನುಗಿ ತೋರಿಸುತ್ತಾರೆ. ಅಷ್ಟು ಸಾಕು, ಉಳಿದವರು ಹಿಡಿದುಕೊಳ್ಳುತ್ತಾರೆ. ಬರೆದವರು ಯಾರು, ಯಾವ ಪುಸ್ತಕದಲ್ಲಿದೆ, ಎಷ್ಟು ಹಳೆಯದು ಎಂಬುದು ಅಲ್ಲಿ ಯಾರಿಗೂ ಬೇಕಿಲ್ಲ. ಹಾಡನ್ನು ಹುಡುಕಿ ಹೊರತೆಗೆಯುವ ಕೀಲಿ ಆ ಮೊದಲ ಪದದಲ್ಲಿದೆ.

ಆ ಕೀಲಿ ಇರುವುದು ಈಗ ಎಪ್ಪತ್ತು ದಾಟಿದವರ ಬಾಯಲ್ಲಿ ಮಾತ್ರ. ಅವರಲ್ಲಿ ಒಬ್ಬರು ತೀರಿಕೊಂಡರೆ ಎಷ್ಟು ಹಾಡು ಹೋಯಿತು ಎಂದು ಹೇಳಲೂ ನಮಗೆ ಆಗುವುದಿಲ್ಲ. ಏಕೆಂದರೆ ಎಷ್ಟು ಇತ್ತು ಎಂಬ ಪಟ್ಟಿಯೇ ನಮ್ಮ ಬಳಿ ಇಲ್ಲ. ಅದಕ್ಕೇ ನಾನು ಹೇಳುವುದು ಇಷ್ಟು: ಬ್ಯಾರಿ ಹಾಡುಗಳ ಅಕಾರಾದಿ ಪಟ್ಟಿಯೊಂದು ಆಗಬೇಕು, ಮೊದಲ ಅಕ್ಷರದ ಪ್ರಕಾರ, ಹಾಡಿದ ಹಾಗೆಯೇ ಬರೆದು. ಸಂಶೋಧನೆ, ವಿಮರ್ಶೆ, ಸಿಡಿ, ಸ್ಪರ್ಧೆ ಎಲ್ಲ ಆಮೇಲೆ. ಮೊದಲು ಪಟ್ಟಿ.

ಇದು ಗುಮಾಸ್ತನ ಕೆಲಸದಂತೆ ಕಾಣಬಹುದು. ಬಟ್ಟೆ ವ್ಯಾಪಾರದ ನನ್ನಂಥವನಿಗೆ ಸರಕಿನ ಪಟ್ಟಿಯ ಬೆಲೆ ಗೊತ್ತು, ಹಾಡಿನ ಪಟ್ಟಿಯ ಬೆಲೆ ಗೊತ್ತಾದದ್ದು ವ್ಯಾಪಾರಕ್ಕೆ ಹೋಗಿ ಬರುವ ಊರುಗಳಲ್ಲಿ. ಪಾಪ್ಲಿನ್, ಧೋತರ ಕೊಳ್ಳಲು ಮಂಗಳೂರಿನಿಂದ ಇಚಲಕರಂಜಿಗೆ ಹೋಗುತ್ತೇನೆ. ಕೆಲಸ ಮುಗಿದರೆ ಕೊಲ್ಹಾಪುರ, ಕೆಲವೊಮ್ಮೆ ಗಡಹಿಂಗ್ಲಜದ ದಾರಿಯಲ್ಲಿ ಸಂಕೇಶ್ವರಕ್ಕೆ ಬಂದು ಊರಿನ ಬಸ್ಸು. ಈ ಮೂರೂ ಊರುಗಳಲ್ಲಿ ಮರಾಠಿಯ ಜೊತೆಗೆ ಕನ್ನಡ ಕಿವಿಗೆ ಬೀಳುತ್ತದೆ. ಮಗ್ಗದ ಮನೆಯಲ್ಲಿ ಮಾಲೀಕನೊಂದಿಗೆ ಮರಾಠಿ, ಪಕ್ಕದ ಮಗ್ಗದವನೊಂದಿಗೆ ಕನ್ನಡ, ಮೊಬೈಲಿನಲ್ಲಿ ಹಿಂದಿ ಹಾಡು.

ಅಲ್ಲಿನ ಮದುವೆ ದಿಬ್ಬಣದ ಗಾಡಿಗಳಲ್ಲಿ, ಶಾಲೆಯ ಪ್ರವಾಸದ ಬಸ್ಸುಗಳಲ್ಲಿ ಆಡುವ ಆಟಕ್ಕೆ 'ಗಾಣ್ಯಾಚ್ಯಾ ಭೆಂಡ್ಯಾ' ಎನ್ನುತ್ತಾರೆ. ನಮ್ಮ ಅಂತ್ಯಾಕ್ಷರಿಯೇ. ಒಬ್ಬರ ಹಾಡಿನ ಕೊನೆಯ ಅಕ್ಷರದಿಂದ ಇನ್ನೊಬ್ಬರ ಹಾಡು ಶುರುವಾಗಬೇಕು. 'ಸ' ಬಂದರೆ 1966ರ 'ಲವ್ ಇನ್ ಟೋಕಿಯೊ' ಸಿನಿಮಾದ 'ಸಾಯೊನಾರಾ' ಹಾಡನ್ನು ಯಾರಾದರೂ ಎತ್ತಿಕೊಳ್ಳುವುದನ್ನು ಒಂದಕ್ಕಿಂತ ಹೆಚ್ಚು ಬಾರಿ ಕೇಳಿದ್ದೇನೆ. ಜಪಾನಿಯರು ಬೀಳ್ಕೊಡುವಾಗ ಹೇಳುವ ಪದ ಹಿಂದಿ ಹಾಡಾಗಿ ಮರಾಠಿ ಬಸ್ಸಿನಲ್ಲಿ ಕನ್ನಡದವರ ಬಾಯಲ್ಲಿ. ಹಾಡಿದ ಲತಾ ಮಂಗೇಶ್ಕರ್ ಕೂಡ ಕೊಲ್ಹಾಪುರಕ್ಕೆ ಹೊಸಬರಲ್ಲ. ತಂದೆ ತೀರಿಹೋದ ಮೇಲೆ ಮಾಸ್ಟರ್ ವಿನಾಯಕರ ಪ್ರಫುಲ್ಲ ಪಿಕ್ಚರ್ಸ್‌ನಲ್ಲಿ ದುಡಿದದ್ದು ಆ ಊರಲ್ಲೇ. ಕಂಪನಿ ಮುಂಬೈಗೆ ಹೋದಾಗ ಅವರೂ ಹೋದರು.

ಭೆಂಡ್ಯಾ ಆಡುವವನ ತಲೆಯೊಳಗೆ ಒಂದು ಪಟ್ಟಿ ಇರುತ್ತದೆ. 'ಸ' ಎಂದ ಕೂಡಲೇ 'ಸ'ದ ಹಾಡುಗಳೆಲ್ಲ ಎದ್ದು ನಿಲ್ಲುತ್ತವೆ. ಯಾರೂ ಕಲಿಸಿದ್ದಲ್ಲ, ಆಡಿ ಆಡಿ ಬಂದದ್ದು. ಹಿಂದಿ ಸಿನಿಮಾ ಹಾಡಿಗೆ ನಮ್ಮ ಮಕ್ಕಳ ತಲೆಯಲ್ಲಿ ಇಂಥ ಪಟ್ಟಿ ಇದೆ. ಬ್ಯಾರಿ ಹಾಡಿಗೆ ಇಲ್ಲ.

ಜಪಾನಿನಲ್ಲಿ ಈ ಪಟ್ಟಿಯನ್ನು ತಲೆಯೊಳಗೂ ಇಟ್ಟಿದ್ದಾರೆ, ಹೊರಗೂ ಇಟ್ಟಿದ್ದಾರೆ. ಕರೋಕೆ ಎಂಬುದು ಅವರದೇ ಪದ, ಅವರದೇ ಪದ್ಧತಿ. ಕರೋಕೆ ಅಂಗಡಿಗಳಲ್ಲಿ ಟಚ್ ಸ್ಕ್ರೀನು ಬರುವ ಮೊದಲು ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪದ ಪುಸ್ತಕ ಇರುತ್ತಿತ್ತು. ಹಾಡಿನ ಮೊದಲ ಅಕ್ಷರ ಹಿಡಿದು ಹುಡುಕಬೇಕು, ಎದುರಿಗಿರುವ ನಂಬರು ಒತ್ತಬೇಕು. ಆ ಅಕ್ಷರಗಳ ಕ್ರಮ ಹೀಗೆ: ಅ, ಕ, ಸ, ತ, ನ, ಹ, ಮ, ಯ, ರ, ವ. ಸ್ವರಗಳು ಅ, ಇ, ಉ, ಎ, ಒ. ಎಲ್ಲೋ ಕೇಳಿದಂತಿದೆಯಲ್ಲ? ಇದು ನಮ್ಮ ವರ್ಣಮಾಲೆಯದೇ ಕ್ರಮ. ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಲಿಪಿ ಕಲಿತರು, ಅಲ್ಲಿಂದ ಈ ಜೋಡಣೆ ಜಪಾನಿಗೆ ಹೋಯಿತು. ನಮ್ಮಲ್ಲಿ 'ಚ' ಇರುವ ಜಾಗದಲ್ಲಿ ಅವರಿಗೆ 'ಸ' ಇದೆ, 'ಪ' ಇರುವ ಜಾಗದಲ್ಲಿ 'ಹ'. ಹಿಂದೆ ಅವರ 'ಸ' ಹೆಚ್ಚುಕಡಿಮೆ 'ಚ'ದಂತೆ, 'ಹ' 'ಪ'ದಂತೆ ಇತ್ತು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಉಚ್ಚಾರ ಬದಲಾಯಿತು, ಜಾಗ ಬದಲಾಗಲಿಲ್ಲ. ಸಾವಿರ ವರ್ಷದ ಹಿಂದಿನ ಬಾಯಿಯ ಗುರುತು ಇವತ್ತಿನ ಹಾಡಿನ ಪಟ್ಟಿಯಲ್ಲಿ ಉಳಿದಿದೆ.

ಈ 'ಸ' ಅಕ್ಷರವನ್ನೇ ಹಿಡಿದು ನೋಡಿ. ಚೆರ್ರಿ ಹೂವಿಗೆ ಅವರು 'ಸಕುರಾ' ಎನ್ನುತ್ತಾರೆ. ಅದೇ ಹೆಸರಿನ ಹಳೆಯ ಹಾಡೊಂದನ್ನು ಕೋಟೊ ವಾದ್ಯ ಕಲಿಯುವ ಮಕ್ಕಳು ಮೊದಲು ನುಡಿಸುತ್ತಾರೆ. 2003ರಲ್ಲಿ ನಾವೊತಾರೊ ಮೊರಿಯಾಮಾ, 2005ರಲ್ಲಿ ಕೊಬುಕುರೊ ಮತ್ತು ಕೆತ್ಸುಮೆಯ್ಶಿ, 2006ರಲ್ಲಿ ಇಕಿಮೊನೊಗಾಕಾರಿ ಅದೇ ಹೆಸರಿನ ಬೇರೆ ಬೇರೆ ಹಾಡು ತಂದರು. ಪಟ್ಟಿಯಲ್ಲಿ ಎಲ್ಲ ಸಾಲಾಗಿ ನಿಲ್ಲುತ್ತವೆ. ಬೇರ್ಪಡಿಸುವುದು ಹಾಡಿದವರ ಹೆಸರು. ಹಾಡಿನ ಮೊದಲ ಪದದ ಎದುರಿಗೆ ಹಾಡಿದವರ ಹೆಸರು ಇರಲೇಬೇಕು ಎಂಬುದಕ್ಕೆ ಇದಕ್ಕಿಂತ ಸುಲಭದ ಉದಾಹರಣೆ ಬೇಡ.

ಇನ್ನೊಂದು ಆಟ ಇದೆ, 'ಕರುತಾ'. 13ನೇ ಶತಮಾನದಲ್ಲಿ ಫುಜಿವಾರಾ ನೊ ತೆಯ್ಕಾ ಎಂಬ ಕವಿ ಆರಿಸಿದ 100 ಪದ್ಯಗಳನ್ನು ಚೀಟಿಗಳಲ್ಲಿ ಬರೆದು ನೆಲದಲ್ಲಿ ಹರಡುತ್ತಾರೆ. ಒಬ್ಬರು ಪದ್ಯ ಓದಲು ಶುರು ಮಾಡುತ್ತಾರೆ, ಆಡುವವರು ಅದರ ಉತ್ತರಾರ್ಧದ ಚೀಟಿಯನ್ನು ಮೊದಲು ಮುಟ್ಟಬೇಕು. 100ರಲ್ಲಿ 'ಸ'ದಿಂದ ಶುರುವಾಗುವುದು ಒಂದೇ ಒಂದು. 'ಸ' ಕೇಳಿದ ಕೂಡಲೇ ಕೈ ಹೋಗುತ್ತದೆ. ಒಂದೇ ಅಕ್ಷರಕ್ಕೆ ಗುರುತು ಸಿಗುವ ಪದ್ಯಗಳು ಒಟ್ಟು ಏಳು. ಅದೇ 'ಅ'ದಿಂದ ಶುರುವಾಗುವುದು 16. ಅಲ್ಲಿ ಎರಡನೇ, ಮೂರನೇ ಅಕ್ಷರದವರೆಗೆ ಕಾಯಬೇಕು. ಕೆಲವು ಜೋಡಿಗಳಿಗೆ ಆರನೇ ಅಕ್ಷರದವರೆಗೆ. ಯಾವ ಪದ್ಯಕ್ಕೆ ಎಷ್ಟು ಅಕ್ಷರ ಕೇಳಿದರೆ ಸಾಕು ಎಂಬುದನ್ನು ಅಲ್ಲಿನ ಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಹೀಗೆ ನೂರಾರು ವರ್ಷ ಹಳೆಯ ಪದ್ಯಗಳು ಮಕ್ಕಳ ಕೈಬೆರಳ ತುದಿಯಲ್ಲಿ ಉಳಿದಿವೆ.

ಪಟ್ಟಿಯಲ್ಲಿ ತನ್ನ ಹೆಸರಿನಿಂದ ನಿಲ್ಲದ ಹಾಡಿಗೆ ಏನಾಗುತ್ತದೆ ಎಂಬುದನ್ನೂ ಜಪಾನಿನಿಂದಲೇ ಕಲಿಯಬಹುದು. 1961ರಲ್ಲಿ ಕ್ಯೂ ಸಕಮೊಟೊ ಹಾಡಿದ ಹಾಡಿನ ಹೆಸರು ಜಪಾನಿ ಭಾಷೆಯಲ್ಲಿ 'ಉ' ಅಕ್ಷರದಿಂದ ಶುರುವಾಗುತ್ತದೆ. ಕಣ್ಣೀರು ಬೀಳದಿರಲಿ ಎಂದು ಮುಖ ಮೇಲೆತ್ತಿ ನಡೆಯುವವನ ಹಾಡು ಅದು. 1963ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತು. ಆದರೆ 'ಸುಕಿಯಾಕಿ' ಎಂಬ ಹೆಸರಿನಲ್ಲಿ. ಸುಕಿಯಾಕಿ ಎಂದರೆ ಮಾಂಸದ ಒಂದು ಅಡುಗೆ. ಹಾಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಮಾರುವವರಿಗೆ ಉಚ್ಚರಿಸಲು ಸುಲಭವಾಯಿತು, ಅಷ್ಟೇ. 'ಉ'ದ ಹಾಡು ಪ್ರಪಂಚಕ್ಕೆಲ್ಲ 'ಸು'ದ ಹಾಡಾಯಿತು. ಜಪಾನಿಯರ ಪಟ್ಟಿ ಗಟ್ಟಿಯಾಗಿದ್ದುದರಿಂದ ಅವರ ಮನೆಯಲ್ಲಿ ಅದು ಇವತ್ತಿಗೂ 'ಉ'ದಲ್ಲೇ ಇದೆ. ನಮಗೆ ಆ ಗಟ್ಟಿ ಇಲ್ಲ. ನಮ್ಮ ಅಜ್ಜಿಯರ ಹಾಡನ್ನು ಯಾರೋ ಕೀಬೋರ್ಡ್ ಸೇರಿಸಿ ಯೂಟ್ಯೂಬಿಗೆ ಹಾಕಿ 'ಸೂಪರ್ ಹಿಟ್ ಮದುವೆ ಹಾಡು' ಎಂದು ಹೆಸರಿಟ್ಟರೆ, ಮುಂದಿನ ತಲೆಮಾರಿಗೆ ಅದೇ ಅದರ ಹೆಸರು.

ಜಪಾನಿನ ಮಾತು ದೂರದ್ದಾಯಿತು ಎನ್ನುವವರು ಕೊಲ್ಹಾಪುರಕ್ಕೆ ಬನ್ನಿ. ಅಲ್ಲಿನ ಗಾಯನ ಸಮಾಜ ದೇವಲ್ ಕ್ಲಬ್ 1883ರಿಂದ ಇದೆ. ಶಾಹೂ ಮಹಾರಾಜರ ಆಸ್ಥಾನಕ್ಕೆ ಬಂದು ನೆಲೆಸಿದ ಉಸ್ತಾದ್ ಅಲ್ಲಾದಿಯಾ ಖಾನರ ಊರು ಅದು. ಸ್ವಂತ ಕಂಠ ಕೆಟ್ಟ ಮೇಲೆ, ಆ ಕಂಠಕ್ಕೆ ಒಗ್ಗುವ ಹೊಸ ಗಾಯಕಿಯನ್ನೇ ಕಟ್ಟಿದ ಮನುಷ್ಯ. ಅವರ ಮಗ ಮಂಜಿ ಖಾನರಿಂದ, ಅವರು ತೀರಿಕೊಂಡ ಮೇಲೆ ತಮ್ಮ ಭೂರ್ಜಿ ಖಾನರಿಂದ ಕಲಿತು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಆ ಹಾಡಿಕೆಯನ್ನು ಕನ್ನಡ ನಾಡಿಗೆ ತಂದರು. ಇಚಲಕರಂಜಿಯ ಹೆಸರನ್ನೇ ಹೊತ್ತ ಬಾಲಕೃಷ್ಣಬುವಾ ಇಚಲಕರಂಜೀಕರರು ಗ್ವಾಲಿಯರ್ ಪರಂಪರೆಯ ಖಯಾಲನ್ನು ಮಹಾರಾಷ್ಟ್ರಕ್ಕೆ ಹೊತ್ತು ತಂದವರು. ಕೊಲ್ಹಾಪುರ ಜಿಲ್ಲೆಯ ಕುರುಂದವಾಡದಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರು ಅವರ ಶಿಷ್ಯರು. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದವರು ಇವರೇ.

ಇವರೆಲ್ಲ ಹಾಡಿದ ಬಂದಿಶ್‌ಗಳಿಗೂ ಬೇರೆ ಹೆಸರಿಲ್ಲ. ರಾಗ ಇಂಥದ್ದು, ಮೊದಲ ಎರಡು ಮೂರು ಪದ ಇಂಥದ್ದು, ಅಷ್ಟೇ ಗುರುತು. ಅಲ್ಲಾದಿಯಾ ಖಾನರ ಶಿಷ್ಯೆ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯ ಒಂದು ಮುದ್ರಿಕೆ 1977ರಲ್ಲಿ ವಾಯೇಜರ್ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಯಿತು. ಅದೇ ಮುದ್ರಿಕೆಯಲ್ಲಿ ಜಪಾನಿನ ಕೊಳಲು ಶಾಕುಹಾಚಿಯ ಒಂದು ತುಣುಕೂ ಇದೆ. ಕೇಸರಬಾಯಿಯ ಹಾಡು ಅಲ್ಲಿ ಪಟ್ಟಿಗೆ ಸೇರಿದ್ದು ಅದರ ಮೊದಲ ಪದಗಳಿಂದಲೇ. ಹೆಸರಿಲ್ಲದ ಹಾಡು ಭೂಮಿಯಿಂದ ಹೊರಗೆ ಹೋದರೂ ಅದಕ್ಕೆ ವಿಳಾಸ ಮೊದಲ ಪದವೇ.

ಬಂದಿಶ್‌ಗಳು ಬಹಳ ಕಾಲ ಉಸ್ತಾದರ ಮನೆಯೊಳಗೆ ಇದ್ದವು. ವಿಷ್ಣು ನಾರಾಯಣ ಭಾತಖಂಡೆ ಊರೂರು ಸುತ್ತಿ, ಉಸ್ತಾದರ ಮುಂದೆ ಕೂತು, ಸ್ವರ ಹಾಕಿ ಬರೆದು ಆರು ಭಾಗಗಳ 'ಕ್ರಮಿಕ ಪುಸ್ತಕ ಮಾಲಿಕಾ' ತಂದರು. ಸಾವಿರಕ್ಕೂ ಹೆಚ್ಚು ಬಂದಿಶ್‌ಗಳು ಎಲ್ಲರ ಕೈಗೆ ಬಂದವು. ಪುಸ್ತಕ ನೋಡಿ ಯಾರೂ ಗವಾಯಿ ಆಗುವುದಿಲ್ಲ, ಅದಕ್ಕೆ ಗುರು ಬೇಕು ಎಂಬುದು ಸರಿ. ಆದರೆ ಹೀಗೊಂದು ಬಂದಿಶ್ ಇದೆ ಎಂದು ಗೊತ್ತಿಲ್ಲದವನು ಗುರುವಿನ ಬಳಿ ಏನೆಂದು ಕೇಳುತ್ತಾನೆ? ಪಟ್ಟಿಯ ಕೆಲಸ ಅಷ್ಟೇ: ಕೇಳುವವನಿಗೆ ಏನು ಕೇಳಬೇಕೆಂದು ತಿಳಿಸುವುದು.

ಅದೇ ಕೆಲಸದ ಬಗ್ಗೆ ಒಂದು ದೂರೂ ಇದೆ, ಅದು ನಮಗೆ ಮುಖ್ಯ. ಹಾಡು ಪುಸ್ತಕಕ್ಕೆ ಬಂತು, ಹಾಡು ಕೊಟ್ಟ ಉಸ್ತಾದರು ಹಿಂದೆ ಸರಿದರು ಎನ್ನುತ್ತಾರೆ. ಅವರಲ್ಲಿ ಹೆಚ್ಚಿನವರು ಮುಸ್ಲಿಮರು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಾಡು ಉಳಿದು ಹಾಡಿದವರ ಹೆಸರು ಅಳಿಯುವ ಪಟ್ಟಿ ಅರ್ಧ ಪಟ್ಟಿ. ನಾವು ಮಾಡುವ ಪಟ್ಟಿಯಲ್ಲಿ ಪ್ರತಿ ಹಾಡಿನ ಎದುರು ಅದನ್ನು ಹೇಳಿಕೊಟ್ಟ ಉಮ್ಮನ ಹೆಸರು ಇರಲಿ, ಅವರು ಒಪ್ಪಿದರೆ. ಒಪ್ಪದಿದ್ದರೆ ಊರಿನ ಹೆಸರಾದರೂ ಇರಲಿ.

ಇದನ್ನು ಚೆನ್ನಾಗಿ ಮಾಡಿದ ಕೆಲಸವೂ ಆ ರಾಜ್ಯದಲ್ಲೇ ಇದೆ. ಮಹಾರಾಷ್ಟ್ರದ ಹಳ್ಳಿ ಹೆಂಗಸರು ಬೀಸುವ ಕಲ್ಲಿನ ಮುಂದೆ ಹಾಡುವ ಓವಿಗಳನ್ನು ಪುಣೆಯ ಹೇಮಾ ರಾಯರಕರ್ ಮತ್ತು ಗೀ ಪ್ವಾತ್ವಾಂ ಸಂಗಡಿಗರೊಂದಿಗೆ ಸಂಗ್ರಹಿಸಿದರು. 1000ಕ್ಕೂ ಹೆಚ್ಚು ಹಳ್ಳಿ, 3000ಕ್ಕೂ ಹೆಚ್ಚು ಹೆಂಗಸರು, 1 ಲಕ್ಷಕ್ಕೂ ಹೆಚ್ಚು ಓವಿಗಳು. ಈಗ ಅದು 'ಪರಿ' ಎಂಬ ಗ್ರಾಮೀಣ ಪತ್ರಿಕೋದ್ಯಮದ ತಾಣದಲ್ಲಿ ಇದೆ. ಹಾಡಿದವಳ ಹೆಸರು, ಹಳ್ಳಿ, ತಾಲ್ಲೂಕು ಎಲ್ಲ ದಾಖಲಾಗಿವೆ. ಓವಿ ಎಂದರೆ ಒಂದೆರಡು ಸಾಲಿನ ಹಾಡು. ಮೂರ್ನಾಲ್ಕು ದಶಕದ ಹಿಂದೆ ಅದನ್ನು ಬರೆದುಕೊಳ್ಳಲು ಕೂತವರನ್ನು ನೋಡಿ ಊರವರು 'ಇದರಲ್ಲೇನಿದೆ' ಎಂದಿರಬೇಕು. ಇವತ್ತು ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದೆ. ಬರೆದಿಟ್ಟದ್ದು ಮಾತ್ರ ಇದೆ.

ಕನ್ನಡದಲ್ಲೂ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ತಂದದ್ದು ಹೀಗೆಯೇ. ಆದರೆ ಗಡಹಿಂಗ್ಲಜದಂಥ ಊರಿನಲ್ಲಿ ಒಂದು ಹೊಸ ತೊಡಕು. ಹಿರಣ್ಯಕೇಶಿ ನದಿ ಆ ಊರನ್ನು ದಾಟಿ ಸಂಕೇಶ್ವರದ ಕಡೆಗೆ ಹರಿಯುತ್ತದೆ, ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ. ಮಾತೂ ಹಾಗೆಯೇ ಹರಿಯುತ್ತದೆ. ಇಚಲಕರಂಜಿಯಲ್ಲಿ ನಾನು ಬಟ್ಟೆ ಕೊಳ್ಳುವಲ್ಲಿ ಮಗ್ಗ ನಡೆಸುವ ಒಬ್ಬರು ಆ ಕಡೆಯವರು. ತಾಯಿ ಕನ್ನಡದಲ್ಲಿ ಬೀಸುವ ಪದ ಹೇಳುತ್ತಿದ್ದರಂತೆ, ಅತ್ತೆ ಮರಾಠಿಯಲ್ಲಿ ಓವಿ. ಒಂದೇ ಬೀಸುಕಲ್ಲು, ಎರಡು ಗೂಟ ಹಿಡಿದ ಎರಡು ಕೈ, ಎರಡು ಭಾಷೆ. "ನಿಮ್ಮ ತಾಯಿಯ ಹಾಡು ಎಲ್ಲಾದರೂ ಬರೆದಿಟ್ಟಿದ್ದೀರಾ?" ಎಂದು ಕೇಳಿದೆ. "ಯಾವುದರಲ್ಲಿ ಬರೀಬೇಕ್ರಿ? ನನಗ ಕನ್ನಡ ಬರಿಯಾಕ ಬರೂದಿಲ್ಲ. ಮರಾಠಿಯೊಳಗ ಬರದ್ರ ನಮ್ಮವ್ವನ ಪದ ಅನಸೂದಿಲ್ಲ" ಎಂದರು. ಹೀಗೆ ಅದು ಮರಾಠಿ ಪಟ್ಟಿಗೂ ಸೇರಲಿಲ್ಲ, ಕನ್ನಡ ಪಟ್ಟಿಗೂ ಸೇರಲಿಲ್ಲ.

ಈ ಮಾತು ಕೇಳಿ ನನಗೆ ನಮ್ಮ ಕಥೆಯೇ ನೆನಪಾಯಿತು. ನಾವೂ ಗಡಿಯವರೇ. ನಮ್ಮ ಹಳೆಯ ಹಾಡಿನ ಪುಸ್ತಕಗಳು ಅರಬಿ-ಮಲಯಾಳಂ ಲಿಪಿಯವು. ನಾವು ಓದಿದ್ದು ಕನ್ನಡ ಶಾಲೆ. ಮಾತು ಬ್ಯಾರಿ. ಯಾವ ಲಿಪಿ ಹಿಡಿದರೆ ಆ ಲಿಪಿಯ ಕ್ರಮ. ಅರಬಿಯಲ್ಲಿ ಅಲಿಫ್ ಆದ ಮೇಲೆ ಎರಡನೆಯದೇ 'ಬಾ'. ಅಲ್ಲಿ ಎರಡನೇ ಪುಟದಲ್ಲಿ ಸಿಗುವ ಹಾಡಿಗೆ ಕನ್ನಡದ ಕ್ರಮದಲ್ಲಿ 'ಪ', 'ಫ' ದಾಟುವವರೆಗೆ ಕಾಯಬೇಕು.

ಅದಕ್ಕಿಂತ ದೊಡ್ಡ ತೊಡಕು ಬಾಯಿಯದು. ಮಲಯಾಳಂನಲ್ಲಿ ಪದದ ಆರಂಭದಲ್ಲಿ ಬರುವ 'ವ' ನಮ್ಮಲ್ಲಿ 'ಬ' ಆಗುತ್ತದೆ. ಅವರು 'ವಾ' ಎಂದು ಕರೆದರೆ ನಾವು 'ಬಾ' ಎನ್ನುತ್ತೇವೆ. ಹೀಗಾಗಿ ಒಂದೇ ಹಾಡು ಕೋಝಿಕ್ಕೋಡಿನ ಪಟ್ಟಿಯಲ್ಲಿ 'ವ'ದಲ್ಲಿ, ಉಳ್ಳಾಲದ ಪಟ್ಟಿಯಲ್ಲಿ 'ಬ'ದಲ್ಲಿ. ನಮ್ಮ ವಿದ್ಯಾವಂತರು ಇಲ್ಲಿಯೇ ಎಡವುತ್ತಾರೆ. ಹಾಡು ಬರೆದುಕೊಳ್ಳುವಾಗ 'ಮೂಲ' ಹುಡುಕಿ, ಉಮ್ಮ ಹೇಳಿದ 'ಬ'ವನ್ನು 'ವ' ಎಂದು ತಿದ್ದಿ, 'ನ' ಇದ್ದಲ್ಲಿ 'ಣ', 'ಲ' ಇದ್ದಲ್ಲಿ 'ಳ' ಮಾಡಿ 'ಶುದ್ಧ' ಮಾಡಿಕೊಡುತ್ತಾರೆ. ಭೆಂಡ್ಯಾ ಆಡುವ ಮಕ್ಕಳಿಗಿರುವ ವಿವೇಕ ಇವರಿಗಿಲ್ಲ. 'ಣ', 'ಳ' ಬಂದು ಆಟ ನಿಂತರೆ ಮಕ್ಕಳು 'ನ', 'ಲ' ಇಟ್ಟುಕೊಂಡು ಮುಂದೆ ಹೋಗುತ್ತಾರೆ. ನಮ್ಮ ಭಾಷೆ ಆ ಕೆಲಸವನ್ನು ಎಂದೋ ಮಾಡಿ ಮುಗಿಸಿದೆ. ಅದನ್ನು ತಪ್ಪು ಎಂದು ತಿದ್ದಲು ನಾವು ಯಾರು?

ಜಪಾನಿಯರಿಗೂ ಇದೇ 'ಬ', 'ವ' ತೊಡಕು ಇದೆ. ಅವರ ಬಾಯಲ್ಲಿ 'ವಯಲಿನ್' 'ಬಯೊರಿನ್' ಆಗುತ್ತದೆ. ಕೆಲವರು 'ಬ' ಬರೆಯುತ್ತಾರೆ, ಕೆಲವರು 'ವ'ಕ್ಕಾಗಿ ಮಾಡಿಕೊಂಡ ಹೊಸ ಅಕ್ಷರ ಬರೆಯುತ್ತಾರೆ. ಅದಕ್ಕಾಗಿ ಯಾರೂ ಪಟ್ಟಿ ನಿಲ್ಲಿಸಿಲ್ಲ. ಇನ್ನೊಂದು ಉಪಾಯವನ್ನೂ ಅವರು ಮಾಡಿದ್ದಾರೆ. 'ಗ' ಹಾಡುಗಳನ್ನು 'ಕ'ದ ಮನೆಯಲ್ಲೇ, 'ಬ' ಹಾಡುಗಳನ್ನು 'ಹ'ದ ಮನೆಯಲ್ಲೇ ಇಡುತ್ತಾರೆ. ಅಕ್ಕಪಕ್ಕದ ದನಿಗಳು ಒಂದೇ ಸೂರಿನಡಿ. ನಾವೂ ಹಾಗೆ ಮಾಡಬಹುದು. ಹಾಡನ್ನು 'ಬ'ದಲ್ಲಿ ಬರೆಯೋಣ. 'ವ'ದ ಪುಟದಲ್ಲಿ 'ಬ ನೋಡಿ' ಎಂದು ಒಂದು ಸಾಲು ಹಾಕೋಣ. ಮುಗಿಯಿತು.

'ಬ'ದ ಮನೆಯಲ್ಲಿ ಇನ್ನೊಂದು ನೂಕುನುಗ್ಗಲು ಆಗುತ್ತದೆ. ಹಳೆಯ ಹಾಡುಗಳಲ್ಲಿ ಎಷ್ಟೋ 'ಬಿಸ್ಮಿ' ಎಂದೇ ಶುರುವಾಗುತ್ತವೆ. ಮೊದಲ ಪದ ಮಾತ್ರ ಬರೆದರೆ ಹತ್ತಾರು ಹಾಡು ಒಂದೇ ಹೆಸರಿನಲ್ಲಿ ನಿಂತುಬಿಡುತ್ತವೆ. ಇಲ್ಲಿ ಕರುತಾ ಆಡುವ ಮಕ್ಕಳ ಲೆಕ್ಕ ಹಿಡಿಯಬೇಕು. ಎಷ್ಟು ಅಕ್ಷರ ಕೇಳಿದರೆ ಈ ಹಾಡು ಬೇರೆ ಎಲ್ಲ ಹಾಡಿನಿಂದ ಬೇರೆಯಾಗುತ್ತದೋ ಅಲ್ಲಿಯವರೆಗೆ ಬರೆಯುವುದು. ಕೆಲವಕ್ಕೆ ಒಂದು ಪದ, ಕೆಲವಕ್ಕೆ ಒಂದು ಸಾಲು. ಇದು ನಮ್ಮವರಿಗೆ ಹೊಸತೂ ಅಲ್ಲ. ಮಾಪಿಳ್ಳ ಹಾಡಿನ ಎಷ್ಟೋ ಇಶಲ್‌ಗಳಿಗೆ, ಅಂದರೆ ಧಾಟಿಗಳಿಗೆ, ಹಳೆಯ ಒಂದು ಹಾಡಿನ ಮೊದಲ ಪದಗಳೇ ಹೆಸರು. ಮೊದಲ ಪದದಿಂದ ಗುರುತು ಹಿಡಿಯುವ ಪದ್ಧತಿ ನಮ್ಮ ಹಿರಿಯರದ್ದೇ.

ಈ ಪ್ರಸ್ತಾಪ ಇಟ್ಟಾಗ ಬರುವ ಉತ್ತರಗಳು ನನಗೆ ಗೊತ್ತು.

ಮೊದಲನೆಯದು: ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ರೆಕಾರ್ಡ್ ಮಾಡಿದರೆ ಸಾಕು, ಪಟ್ಟಿ ಯಾಕೆ? ನಿಮ್ಮ ಮೊಬೈಲ್ ತೆರೆದು ನೋಡಿ. ವಾಟ್ಸಪ್ಪಿನಲ್ಲಿ ಬಂದ ಆಡಿಯೊ ಫೈಲಿನ ಹೆಸರು ಬರೀ ತಾರೀಖು ಮತ್ತು ನಂಬರು. ಹಾಡಿದ್ದು ಯಾರು, ಯಾವ ಊರು, ಯಾವ ಹಾಡು ಒಂದೂ ಇಲ್ಲ. ಫೋನು ಬದಲಾಯಿಸಿದಾಗ ಅದೂ ಇಲ್ಲ. ಹುಡುಕಲು ಬಾರದ ದಾಖಲೆ ಎಂದರೆ ಬೀಗ ಹಾಕಿ ಕೀಲಿ ಎಸೆದ ಪೆಟ್ಟಿಗೆ.

ಎರಡನೆಯದು: ಇವೆಲ್ಲ ಕೇರಳದ ಮಾಪಿಳ್ಳ ಹಾಡುಗಳೇ, ಅಲ್ಲಿ ಎಲ್ಲ ಅಚ್ಚಾಗಿವೆ. ಕೆಲವು ಹೌದು. ಮೋಯಿನ್‌ಕುಟ್ಟಿ ವೈದ್ಯರ ಕಾವ್ಯಗಳನ್ನು ನಮ್ಮ ಹಿರಿಯರೂ ಓದಿದ್ದಾರೆ, ಅದಕ್ಕೆ ಹೆಮ್ಮೆಪಡೋಣ. ಆದರೆ ಯಾವುದು ಅಲ್ಲಿಯದು, ಯಾವುದು ಬಂದು ಇಲ್ಲಿ ರೂಪ ಬದಲಿಸಿದ್ದು, ಯಾವುದು ಇಲ್ಲಿಯೇ ಹುಟ್ಟಿದ್ದು ಎಂದು ಹೇಳಲು ಎರಡು ಪಟ್ಟಿಗಳನ್ನು ಎದುರುಬದುರು ಇಡಬೇಕು. ನಮ್ಮದೇ ಇಲ್ಲದಿದ್ದರೆ ಯಾವುದರೊಂದಿಗೆ ಯಾವುದನ್ನು ಹೋಲಿಸುವುದು? ಉಂಜಲ್ ಕಟ್ಟಿ ಮಗುವಿಗೆ ಹೆಸರಿಡುವಾಗ ಹೇಳುವ ಹಾಡು, ಮಕ್ಕಳು ಪಲ್ಲೆ ಆಡುವಾಗ ಹೇಳುವ ಹಾಡು, ಇವೆಲ್ಲ ಯಾವ ಕೇರಳದ ಪುಸ್ತಕದಲ್ಲಿವೆ?

ಮೂರನೆಯದು: ಬ್ಯಾರಿಗೆ ಈಗ ಸ್ವಂತ ಲಿಪಿ ಇದೆ, ಅದು ಎಲ್ಲರಿಗೂ ಬರಲಿ, ಆಮೇಲೆ ನೋಡೋಣ. 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಆಯಿತು, 2020ರಲ್ಲಿ ಲಿಪಿ ಹೊರಬಂತು, ಎರಡೂ ಒಳ್ಳೆಯದೇ. ಆದರೆ ಎಪ್ಪತ್ತೈದರ ಅಜ್ಜಿ ಲಿಪಿಗಾಗಿ ಕಾಯುವುದಿಲ್ಲ. ಕನ್ನಡ ಲಿಪಿಯಲ್ಲಿ ಬರೆದದ್ದನ್ನು ನಾಳೆ ಹೊಸ ಲಿಪಿಗೆ ಇಳಿಸಬಹುದು. ಬರೆಯದೇ ಇದ್ದದ್ದನ್ನು ಯಾವ ಲಿಪಿಗೂ ಇಳಿಸಲಾಗದು.

ನಾಲ್ಕನೆಯ ಉತ್ತರವನ್ನು ಯಾರೂ ವೇದಿಕೆಯಲ್ಲಿ ಹೇಳುವುದಿಲ್ಲ, ಮನೆಯಲ್ಲಿ ಹೇಳುತ್ತಾರೆ. ನಮ್ಮ ಹೆಂಗಸರ ದನಿ ಪರರ ಮೊಬೈಲಿನಲ್ಲಿ ಸುತ್ತುವುದು ಬೇಡ. ಈ ಮಾತನ್ನು ಹೀಯಾಳಿಸಿ ಪ್ರಯೋಜನವಿಲ್ಲ. ಹೀಯಾಳಿಸಿದರೆ ಆ ಮನೆಯ ಬಾಗಿಲು ಮುಚ್ಚುತ್ತದೆ, ಹಾಡು ಒಳಗೇ ಉಳಿಯುತ್ತದೆ. ಹಾಡುವ ಹೆಂಗಸರೇ ಎಷ್ಟೋ ಮಂದಿ "ಬರೆದುಕೋ, ರೆಕಾರ್ಡ್ ಬೇಡ" ಎನ್ನುತ್ತಾರೆ. ಪಟ್ಟಿಯ ದೊಡ್ಡ ಉಪಕಾರ ಇರುವುದು ಇಲ್ಲಿಯೇ. ಪಟ್ಟಿಗೆ ದನಿ ಬೇಡ, ಮುಖ ಬೇಡ, ಪೂರ್ತಿ ಹಾಡೂ ಬೇಡ. ಮೊದಲ ಸಾಲು ಮತ್ತು ಊರು ಸಾಕು. ಮಹಾರಾಷ್ಟ್ರದ ಓವಿ ಸಂಗ್ರಹವೂ ಮೊದಲು ಕೈಬರಹದಲ್ಲಿ ಆಯಿತು, ಅದರಲ್ಲಿ ಸ್ವಲ್ಪ ಭಾಗ ಮಾತ್ರ ಆಮೇಲೆ ಧ್ವನಿಮುದ್ರಣವಾಯಿತು. ಬರೆದುಕೊಳ್ಳುವವರು ಮನೆಯ ಹೆಣ್ಣುಮಕ್ಕಳೇ ಆಗಲಿ. ಕಾಲೇಜು ಓದುವ ಮೊಮ್ಮಗಳು ಅಜ್ಜಿಯ ಪಕ್ಕ ಕೂತರೆ ಯಾರ ಅಭ್ಯಂತರವೂ ಇರುವುದಿಲ್ಲ. ಹೊರಗಿನಿಂದ ಮೈಕ್ ಹಿಡಿದು ಹೋಗುವ ನಮ್ಮಂಥ ಗಂಡಸರಿಗಿಂತ ಅವಳಿಗೆ ಹೆಚ್ಚು ಹಾಡು ಸಿಗುತ್ತದೆ.

ಹೇಗೆ ಬರೆಯಬೇಕು ಎಂದು ಕೇಳಿದರೆ ನನ್ನ ಸಲಹೆ ಇಷ್ಟು. ಹಾಡಿನ ಮೊದಲ ಸಾಲು, ಬಾಯಲ್ಲಿ ಬಂದ ಹಾಗೆ. ಹೇಳಿದವರ ಹೆಸರು, ಊರು, ಅಂದಾಜು ವಯಸ್ಸು. ಯಾರಿಂದ ಕಲಿತರು. ಯಾವ ಸಂದರ್ಭದ ಹಾಡು: ಮದುವೆಯೋ, ತೊಟ್ಟಿಲೋ, ಕೋಲಾಟವೋ. ಎಷ್ಟು ಸಾಲು ನೆನಪಿದೆ. ಬರೆದವರು ಯಾರು, ಯಾವ ದಿನ. ಒಂದು ಹಾಡಿಗೆ ಒಂದು ಚೀಟಿ. ಅದೇ ಹಾಡು ಬೇರೆ ಊರಿನಲ್ಲಿ ಬೇರೆ ಥರ ಸಿಕ್ಕರೆ ಹಳೆಯದನ್ನು ಹೊಡೆದುಹಾಕದೆ ಇನ್ನೊಂದು ಚೀಟಿ. ಬಂಟ್ವಾಳದ 'ಬ' ಮತ್ತು ಕಾಸರಗೋಡಿನ 'ವ' ಎರಡೂ ಇರಲಿ. ಜೋಡಿಸುವುದು ಕನ್ನಡ ಅಕ್ಷರಕ್ರಮದಲ್ಲಿ. ಅದು ನಮಗೆಲ್ಲ ಬರುತ್ತದೆ ಎಂಬುದೇ ಸಾಕಷ್ಟು ಕಾರಣ.

ಒಂದು ಜಮಾಅತ್ ವ್ಯಾಪ್ತಿಯಲ್ಲಿ ಹತ್ತು ಮನೆ ಸಿಕ್ಕರೂ ಸಾಕು. ಅಕಾಡೆಮಿ, ಕಾಲೇಜುಗಳ ಕನ್ನಡ ವಿಭಾಗಗಳು, ಕಾಸರಗೋಡಿನ ನಮ್ಮ ಗೆಳೆಯರು ಸೇರಿಕೊಂಡರೆ ಒಳ್ಳೆಯದು. ಸೇರುವವರೆಗೆ ಕಾಯುವುದು ಬೇಡ. ಮದುವೆಗೆ ಲಕ್ಷಗಟ್ಟಲೆ ಖರ್ಚು ಮಾಡುವ ಸಮುದಾಯಕ್ಕೆ ಮದುವೆಯ ಹಾಡು ಬರೆದಿಡಲು ಒಂದು ಕಟ್ಟು ಚೀಟಿ, ಒಂದು ಪೆನ್ನು ದುಬಾರಿಯಲ್ಲ.

'ಅ'ದಿಂದಲೇ ಶುರು ಮಾಡಬೇಕೆಂದೂ ಇಲ್ಲ. ಈ ಶುಕ್ರವಾರ ಮನೆಯ ಹಿರಿಯರಲ್ಲಿ ಒಬ್ಬರನ್ನು ಕೇಳಿ. ಅವರಿಗೆ ಮೊದಲು ನೆನಪಾಗುವ ಹಾಡು ಯಾವ ಅಕ್ಷರದ್ದೋ ಅದೇ ನಿಮ್ಮ ಪಟ್ಟಿಯ ಮೊದಲ ಅಕ್ಷರ. ಕ್ರಮದಲ್ಲಿ ಜೋಡಿಸುವ ಕೆಲಸ ಆಮೇಲೆ ಯಾರು ಬೇಕಾದರೂ ಮಾಡಬಹುದು. ಹೇಳಿಕೊಡುವ ಕೆಲಸ ಮಾಡಬಲ್ಲವರು ಕೆಲವರು ಮಾತ್ರ, ಅವರು ಈಗ ನಮ್ಮ ಮನೆಗಳಲ್ಲೇ ಇದ್ದಾರೆ.